ಒಂದು ಸಲ ಅಂತ ಹೇಳು

ಈ ಕೊಲ್ಲಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿಲ್ಲ. ಮೀನು ಮಾರುವವನಿಂದ ಹಿಡಿದು ಅಂಚೆಯವನವರೆಗೆ ಎಲ್ಲರಿಗೂ ನಾನು ‘ಪಾಠದಕ್ಕ’. ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಮದುವೆಯಾಗದ ಹುಡುಗಿಯರಿಗೆ ಜಪಾನಿನ ನಮ್ಮ ಗೊತೋ ದ್ವೀಪಗಳಲ್ಲಿ ಇದ್ದ ಹೆಸರು ಅದು. ಗೌರವದ ಮಾತೇ. ಆದರೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ಯಾರೋ ಕೆನ್ನೆಗೆ ಬಾರಿಸಿದ ಹಾಗಾಗುತ್ತದೆ. ಏಕೆಂದು ಗೊತ್ತಿದ್ದವರು ಹೆಚ್ಚುಕಡಿಮೆ ಎಲ್ಲರೂ ಚರ್ಚಿನ ಹಿಂದಿನ ಗುಡ್ಡದಲ್ಲಿ ಮಲಗಿದ್ದಾರೆ.

ನನಗಾಗ ಇಪ್ಪತ್ತು ವರ್ಷ. ಸಾವಿರದ ಒಂಬೈನೂರ ಅರವತ್ತೊಂದು. ಎರಡು ವರ್ಷ ನಾಗಸಾಕಿಯಲ್ಲಿ ತರಬೇತಿ ಮುಗಿಸಿ ಊರಿಗೆ ಬಂದಿದ್ದೆ. ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ನನ್ನ ವಯಸ್ಸಿನ ಹುಡುಗಿಯರು ಬಲೆ ಹೆಣೆಯುತ್ತ, ಗೆಣಸು ಕೀಳುತ್ತ ಇರುವಾಗ ನಾನು ಬಿಳಿ ಕಾಲರಿನ ಅಂಗಿ ತೊಟ್ಟು ಚರ್ಚಿನ ಪಕ್ಕದ ಕೋಣೆಯಲ್ಲಿ ಬೆತ್ತ ಹಿಡಿದು ಕೂರುತ್ತಿದ್ದೆ. ಆ ವರ್ಷ ಮೊದಲ ಪರಮ ಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಪವಿತ್ರ ರೊಟ್ಟಿಯನ್ನು ಮೊದಲ ಸಲ ಪಡೆಯಲು, ಹನ್ನೊಂದು ಮಕ್ಕಳಿದ್ದರು. ಶಾಲೆ ಬಿಟ್ಟವರು ಮನೆಗೆ ಹೋಗುವಂತಿಲ್ಲ, ನೇರ ನನ್ನ ಮುಂದೆ ಚಾಪೆಯ ಮೇಲೆ ಬಂದು ಕೂರಬೇಕು. ನಾನು ಪ್ರಶ್ನೆ ಓದುವುದು, ಅವರು ಉತ್ತರ ಒಪ್ಪಿಸುವುದು. ತಪ್ಪಿದರೆ ಹಿಂದಿನ ಮರದ ಹಲಗೆಯ ಮೇಲೆ ಮೊಣಕಾಲೂರಬೇಕು.

ತರಬೇತಿ ಮುಗಿದ ದಿನ ಅಲ್ಲಿನ ಫ್ರೆಂಚ್ ಸನ್ಯಾಸಿನಿಯೊಬ್ಬರು ನನಗೊಂದು ಚಿತ್ರ ಕೊಟ್ಟಿದ್ದರು. ಅಂಗೈಯಗಲ, ಅಂಚಿಗೆಲ್ಲ ಕಾಗದದ ಕಸೂತಿ, ನಡುವೆ ಕುರಿಮರಿ, ಕುರಿಮರಿಯ ತಲೆಯ ಸುತ್ತ ನಿಜವಾದ ಚಿನ್ನದ ರೇಕು. ಪುಸ್ತಕದ ಎಲ್ಲ ಪ್ರಶ್ನೆಗಳಿಗೂ ತಪ್ಪಿಲ್ಲದೆ ಉತ್ತರ ಹೇಳಿದವರಿಗೆ ಅದು ಎಂದು ಮಕ್ಕಳಿಗೆ ಆಸೆ ಹುಟ್ಟಿಸಿದ್ದೆ. ಕೊಡುವ ಮನಸ್ಸು ನನಗೆ ಇತ್ತೋ ಇಲ್ಲವೋ, ಈಗ ಹೇಳಲಾರೆ.

ಸೆಪ್ಟೆಂಬರಿನ ಕೊನೆಯ ಒಂದು ಸಂಜೆ ಮೇಜಿನ ಮೇಲಿದ್ದ ಆ ಚಿತ್ರ ಕಾಣಲಿಲ್ಲ. ಮಕ್ಕಳೆಲ್ಲ ಹೋಗಿದ್ದರು. ಕೋಣೆ ಗುಡಿಸಲು ಉಳಿದಿದ್ದವಳು ತೊಮಿ ಒಬ್ಬಳೇ. ಒಂಬತ್ತು ವರ್ಷದ ಹುಡುಗಿ, ಸಣ್ಣ ದನಿ, ಯಾವಾಗಲೂ ಅಂಗಿಯ ತೋಳು ಕಚ್ಚುತ್ತಿದ್ದಳು. ಎಲ್ಲರಿಗಿಂತ ಚೆನ್ನಾಗಿ ಉತ್ತರ ಹೇಳುತ್ತಿದ್ದವಳೂ ಅವಳೇ. ಇನ್ನೊಂದು ತಿಂಗಳು ಕಾದಿದ್ದರೆ ಚಿತ್ರ ತಾನಾಗಿಯೇ ಅವಳ ಕೈಸೇರುತ್ತಿತ್ತು. ಆ ಲೆಕ್ಕ ನನ್ನ ತಲೆಗೆ ಹೊಳೆಯಲಿಲ್ಲ. ಹೊಳೆದದ್ದು ಅವಳ ಮನೆ.

ಕ್ರೈಸ್ತ ಧರ್ಮಕ್ಕೆ ನಿಷೇಧವಿದ್ದ ಇನ್ನೂರೈವತ್ತು ವರ್ಷ ನಮ್ಮ ಪೂರ್ವಿಕರು ಅದನ್ನು ಬಚ್ಚಿಟ್ಟುಕೊಂಡು ಬದುಕಿದವರು. ಸಿಕ್ಕಿಬಿದ್ದರೆ ತಲೆ ಹೋಗುತ್ತಿತ್ತು. ನಿಷೇಧ ತೆಗೆದ ಮೇಲೆ ನಮ್ಮಂಥವರು ಚರ್ಚಿಗೆ ಬಂದೆವು. ಕೆಲವು ಮನೆಯವರು ಬರಲಿಲ್ಲ, ಬಾಗಿಲು ಹಾಕಿಕೊಂಡು ಹಳೆಯ ಜಪವನ್ನೇ ಮಾಡುತ್ತ ಉಳಿದರು. ತೊಮಿಯ ಅಜ್ಜಿ ಅಂಥವಳು. ಗಂಡ ದೋಣಿ ಮುಳುಗಿ ಸತ್ತ ಮೇಲೆ ತೊಮಿಯ ತಾಯಿ ಮಾಸು ಮಗಳನ್ನು ಕೈಹಿಡಿದು ಚರ್ಚಿಗೆ ಬಂದಿದ್ದಳು. ಬಂದು ಎರಡೇ ವರ್ಷ. ಪೂಜೆಯಲ್ಲಿ ಅವರಿಬ್ಬರೂ ಬಾಗಿಲ ಪಕ್ಕವೇ ಕೂರುತ್ತಿದ್ದರು, ಒಳಗೆ ಬನ್ನಿ ಎಂದು ಯಾರೂ ಕರೆದಿರಲಿಲ್ಲ.

ಮರುದಿನ ಎಲ್ಲ ಮಕ್ಕಳ ಮುಂದೆ ತೊಮಿಯನ್ನು ಎಬ್ಬಿಸಿ ನಿಲ್ಲಿಸಿದೆ.

“ಎಲ್ಲೇ ಚಿತ್ರ?”

“ನಾನು ತಗೊಂಡಿಲ್ಲ ಅಕ್ಕ.”

“ಮತ್ತೆ ಕುರಿಮರಿ ತಾನೇ ಎದ್ದು ನಡ್ಕೊಂಡು ಹೋಯ್ತಾ?”

ಮಕ್ಕಳು ನಕ್ಕರು. ನನಗೆ ಅದು ಸಾಲಲಿಲ್ಲ.

“ಬಚ್ಚಿಡೋದು ನಿಮ್ಮ ಮನೇಲಿ ಹುಟ್ಟಿನಿಂದ ಬಂದಿದ್ದು ಕಣೇ. ನಿಮ್ಮಜ್ಜಿ ದೇವರನ್ನೇ ಬಚ್ಚಿಟ್ಕೊಂಡಿದ್ದಾಳೆ. ನಿನಗೊಂದು ಚಿತ್ರ ಯಾವ ಲೆಕ್ಕ!”

ಹೌದು, ಆಡಿದ್ದೇ ಈ ಮಾತು, ಒಂದಕ್ಷರ ತಪ್ಪಿಲ್ಲ. ಇಂಥ ಮಾತು ಆಡಿದ ನಾಲಿಗೆಯಲ್ಲಿ ಅರವತ್ತು ವರ್ಷ ಜಪ ಹೇಳುತ್ತ ಬಂದಿದ್ದೇನೆ.

ಅವಳು ಒಪ್ಪಲಿಲ್ಲ. ಮೂರು ವಾರ ದಿನಾ ಹಲಗೆಯ ಮೇಲೆ ಮೊಣಕಾಲೂರಿದಳು, ಒಪ್ಪಲಿಲ್ಲ. ಸುದ್ದಿ ಊರೆಲ್ಲ ಹರಡಿತು. ಒಂದು ದಿನ ಮಾಸು ಒಣಗಿಸಿದ ಹಾರುಮೀನಿನ ಕಟ್ಟು ಹಿಡಿದು ನಮ್ಮ ಮನೆಗೆ ಬಂದಳು. ಹೊಸ್ತಿಲಾಚೆಯೇ ಕೂತು, ಹಣೆ ನೆಲಕ್ಕೆ ಮುಟ್ಟಿಸಿ, “ನಮ್ಮಿಂದ ತೊಂದ್ರೆ ಆಯ್ತು ಪಾಠದಕ್ಕ. ಮಗು ದೊಡ್ಡದಲ್ಲ, ಕ್ಷಮಿಸ್ಬೇಕು” ಎಂದಳು. ನಮ್ಮವ್ವ ಮೀನು ಒಳಗೆ ತೆಗೆದುಕೊಂಡಳು. ನಾನು ಏಳು ಎನ್ನಲಿಲ್ಲ. ಮೂವತ್ತು ದಾಟಿದ ಹೆಂಗಸಿನ ತಲೆ ನನ್ನ ಕಾಲ ಬುಡದಲ್ಲಿತ್ತು, ನಾನು ನೋಡುತ್ತ ನಿಂತಿದ್ದೆ.

ಅಕ್ಟೋಬರಿನ ಕೊನೆಯ ಭಾನುವಾರ ಕ್ರಿಸ್ತರಾಜನ ಹಬ್ಬ. ಅಂದೇ ಪರಮ ಪ್ರಸಾದ. ಹಿಂದಿನ ದಿನ ಫಾದರ್ ಇವಾನಗಾ ದೋಣಿಯಲ್ಲಿ ಬಂದು ಮಕ್ಕಳ ಮೊದಲ ಪಾಪನಿವೇದನೆ ಕೇಳುವುದೆಂದು ನಿಗದಿಯಾಗಿತ್ತು. ಅದಕ್ಕೆ ಮಕ್ಕಳನ್ನು ತಯಾರು ಮಾಡಲು ನಾನೊಂದು ಉಪಾಯ ಹೂಡಿದ್ದೆ. ಗುಡ್ಡದ ತುಂಬ ಕಮೇಲಿಯಾ ಬೀಜ ಉದುರುವ ಕಾಲ. ನೆನಪಾದ ಒಂದೊಂದು ಪಾಪಕ್ಕೂ ಒಂದೊಂದು ಬೀಜ ಜೇಬಿಗೆ ಹಾಕಿಕೊಳ್ಳಬೇಕು. ಪಾಪನಿವೇದನೆ ಮಾಡಿ, ಪರಮ ಪ್ರಸಾದ ಪಡೆದು, ಪೂಜೆ ಮುಗಿದ ಮೇಲೆ ಎಲ್ಲರೂ ದಡಕ್ಕೆ ಹೋಗಿ ಬೀಜಗಳನ್ನು ಸಮುದ್ರಕ್ಕೆ ಎಸೆಯುವುದು. ಹುಡುಗರಿಗೆ ಅದೇ ಪಂದ್ಯವಾಯಿತು. “ನಂದು ಮೂವತ್ತೆಂಟು!” ಎಂದು ಝೆನ್‌ಕಿಚಿ ಜೇಬು ಕುಲುಕಿದರೆ ಇನ್ನೊಬ್ಬ ಓಡಿಹೋಗಿ ತಮ್ಮನ ಕಿವಿ ಹಿಂಡಿ ಬಂದು ಇನ್ನೊಂದು ಬೀಜ ಸೇರಿಸುತ್ತಿದ್ದ.

ಯಾವ ಪಾಪ, ಎಷ್ಟು ಸಲ ಎಂದು ಫಾದರ್ ಮುಂದೆ ಲೆಕ್ಕ ಒಪ್ಪಿಸಬೇಕೆಂದು ಕಲಿಸಿದ್ದೆ. ಇನ್ನೊಂದು ಪಾಠವನ್ನಂತೂ ದಿನಾ ಹೇಳುತ್ತಿದ್ದೆ. ಒಂದೇ ಒಂದು ಪಾಪ ಬೇಕೆಂದೇ ಮುಚ್ಚಿಟ್ಟರೂ ಇಡೀ ಪಾಪನಿವೇದನೆ ವ್ಯರ್ಥ, ಹಾಗಿದ್ದೂ ಪರಮ ಪ್ರಸಾದ ನಾಲಿಗೆಯ ಮೇಲೆ ಇಟ್ಟುಕೊಂಡರೆ ಅದು ಎಲ್ಲಕ್ಕಿಂತ ಘೋರ. ಹೇಳುವಾಗ ತೊಮಿಯ ಕಡೆ ನೋಡುತ್ತಿದ್ದೆ.

ಹಬ್ಬಕ್ಕೆ ನಾಲ್ಕು ದಿನ ಇರುವಾಗ, ಪಾಠಕ್ಕೆ ಮುಂಚೆ, ಗೋಡೆಗೆ ನೇತುಹಾಕುವ ದೊಡ್ಡ ಚಿತ್ರಪಟಗಳನ್ನು ಹೊರಗೆ ತೆಗೆದೆ. ಕೊನೆಯ ತೀರ್ಪಿನ ಪಟವನ್ನು ಸೆಪ್ಟೆಂಬರಿನಿಂದ ಮುಟ್ಟಿರಲಿಲ್ಲ. ಬಿಚ್ಚಿದೆ. ನರಕದ ಬೆಂಕಿ ಇರುವ ಕಡೆಯಿಂದ ಕುರಿಮರಿಯ ಚಿತ್ರ ಜಾರಿ ನನ್ನ ಕಾಲ ಮೇಲೆ ಬಿತ್ತು. ಆ ಸಂಜೆ ಪಟವನ್ನು ಮೇಜಿನ ಮೇಲೆ ಹಾಸಿ ಗಡಿಬಿಡಿಯಲ್ಲಿ ಸುತ್ತಿದ್ದವಳು ನಾನೇ.

ಕೋಣೆಯಲ್ಲಿ ಯಾರೂ ಇರಲಿಲ್ಲ. ಮೊದಲು ಮಾಡಿದ್ದೇನೆಂದರೆ ಬಾಗಿಲ ಕಡೆ ನೋಡಿದ್ದು. ಆಮೇಲೆ ಚಿತ್ರವನ್ನು ಅಂಗಿಯೊಳಗೆ ತುರುಕಿಕೊಂಡೆ. ಮನೆಗೆ ಹೋಗಿ ಒಣಗೆಣಸಿನ ಜಾಡಿಯ ತಳದಲ್ಲಿ ಇಟ್ಟೆ. ಬಚ್ಚಿಡುವುದು ಹುಟ್ಟಿನಿಂದ ಬಂದದ್ದು ಯಾರ ಮನೆಗೆ ಎಂದು ಆಗ ಯಾರಾದರೂ ಕೇಳಬೇಕಿತ್ತು.

ಹೇಳಬೇಕೆಂದು ಅನ್ನಿಸಲಿಲ್ಲವೇ? ಅನ್ನಿಸಿತು. ಆದರೆ ಹೇಳಿದರೆ ಮಕ್ಕಳ ಮುಂದೆ ನನ್ನ ಮುಖ ಏನಾದೀತು? ಮಾಸುವಿನ ಮೀನನ್ನು ನಾವು ಆಗಲೇ ತಿಂದಿದ್ದೆವು. ಹೇಗೂ ಹುಡುಗಿ ತಗೊಂಡಿಲ್ಲ ಎಂದೇ ಹೇಳುತ್ತಿದ್ದಾಳೆ, ಫಾದರ್ ಮುಂದೆಯೂ ಹಾಗೇ ಹೇಳಲಿ, ಅಲ್ಲಿಗೆ ಮುಗಿಯುತ್ತದೆ, ದೇವರಿಗೆ ಎಲ್ಲ ಗೊತ್ತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನ್ನ ಮಾನವನ್ನು ಒಂಬತ್ತು ವರ್ಷದ ಹುಡುಗಿಯ ಹಟದ ಮೇಲೆ ಹೊರಿಸಿ ಹಾಯಾಗಿ ಕೂತೆ.

ಮರುದಿನ ಪಾಠ ಮುಗಿದ ಮೇಲೆ ತೊಮಿ ಹಿಂದೆ ಉಳಿದಳು.

“ಅಕ್ಕ, ಒಪ್ಕೋತೀನಿ.”

“ಏನನ್ನ?”

“ಚಿತ್ರ ತಗೊಂಡಿದ್ದು. ನನಗೆ ನೆನಪಾಗ್ತಿಲ್ಲ ಅಕ್ಕ. ಎಷ್ಟು ಯೋಚಿಸಿದ್ರೂ ಬರಲ್ಲ. ಆದ್ರೆ ಪಾಠದಕ್ಕ ಸುಳ್ಳು ಹೇಳಲ್ಲ, ನಿನಗೇ ಮರ್ತಿರಬೇಕು ಅಂತ ಅವ್ವ ಹೇಳಿದ್ಲು. ಮರ್ತು ಬಿಟ್ಟುಬಿಟ್ರೆ ಅದೂ ಮುಚ್ಚಿಟ್ಟಂಗೇ ಅಲ್ವಾ?” ಜೇಬಿನಿಂದ ಒಂದು ಬೀಜ ತೆಗೆದು ತೋರಿಸಿದಳು. ಉಳಿದವಕ್ಕಿಂತ ದಪ್ಪಗಿತ್ತು, ಹುಡುಕಿ ಆರಿಸಿದ್ದಳೆಂದು ಕಾಣುತ್ತದೆ. “ಇದು ಅದಕ್ಕೆ. ಎಷ್ಟು ಸಲ ಅಂತ ಹೇಳ್ಬೇಕು ಅಕ್ಕ ಫಾದರ್‌ಗೆ?”

ಅವಳು ಉತ್ತರಕ್ಕೆ ಕಾಯುತ್ತ ತೋಳು ಕಚ್ಚುತ್ತಿದ್ದಳು. ಹೊರಗೆ ಝೆನ್‌ಕಿಚಿ ಯಾರದೋ ಮೇಲೆ ಕೂಗಾಡುತ್ತಿದ್ದ. ಆಗ ಬಾಯಿ ಬಿಟ್ಟಿದ್ದರೆ ಎಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ಬಾಯಿ ಬಿಟ್ಟೆ.

“ಒಂದು ಸಲ ಅಂತ ಹೇಳು” ಎಂದೆ.

ಶನಿವಾರ ಮಕ್ಕಳು ಸಾಲಾಗಿ ಕೂತರು. ತೊಮಿ ಕೊನೆಯವಳು. ಒಬ್ಬೊಬ್ಬರೇ ಒಳಗೆ ಹೋಗಿ ಬರುವಾಗ, ಈಗ ಕರೆದು ಹೇಳುತ್ತೇನೆ, ಇನ್ನೊಬ್ಬ ಹೋಗಿ ಬರಲಿ, ಆಮೇಲೆ ಹೇಳುತ್ತೇನೆ ಎಂದು ಎಣಿಸುತ್ತಲೇ ಇದ್ದೆ. ಅವಳ ಸರದಿ ಬಂದಾಗ ಎದ್ದೇ ಬಿಟ್ಟೆ. ಹತ್ತಿರ ಹೋದೆ. ಅವಳು ತಲೆಯೆತ್ತಿ ನೋಡಿದಳು. ಅವಳ ತಲೆಯ ಮೇಲಿನ ಬಿಳಿ ವಸ್ತ್ರವನ್ನು ಸರಿಮಾಡಿ ವಾಪಸ್ ಬಂದು ಕೂತೆ.

ಬೇಗನೇ ಹೊರಗೆ ಬಂದಳು. ಮುಖ ಬಾಡಿತ್ತು. ಪ್ರಾಯಶ್ಚಿತ್ತದ ಜಪ ಮುಗಿಸಿ ನೇರ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು.

“ಕದ್ದಿದ್ದನ್ನ ವಾಪಸ್ ಕೊಡ್ಬೇಕಂತೆ ಅಕ್ಕ. ಇವತ್ತೇ ಕೊಟ್ಬಿಡು, ನಾಳೆ ಸಮಾಧಾನವಾಗಿ ಬಾ ಅಂದ್ರು ಫಾದರ್.” ನನ್ನ ಅಂಗಿಯ ತುದಿ ಹಿಡಿದುಕೊಂಡಳು. “ಅದು ಎಲ್ಲಿದೆ ಅಕ್ಕ? ನಾನು ಎಲ್ಲಿಟ್ಟಿರ್ಬಹುದು? ನೀವು ಹೇಳಿದ್ರೆ ಓಡಿಹೋಗಿ ತಂದ್ಕೊಡ್ತೀನಿ.”

ಎಲ್ಲಿದೆ ಎಂದು ಲೋಕದಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಅವಳು ಸರಿಯಾದವರನ್ನೇ ಕೇಳಿದ್ದಳು.

ಮುಂದೆ ಮಾಡಿದ್ದು ಹಿಂದಿನದೆಲ್ಲಕ್ಕಿಂತ ಕೀಳು. “ಇಲ್ಲೇ ಇರು” ಎಂದು ಹೇಳಿ ಮನೆಗೆ ಹೋದೆ, ಜಾಡಿಯಿಂದ ಚಿತ್ರ ತೆಗೆದೆ, ಹಿಂದಿನ ಬಾಗಿಲಿನಿಂದ ಪಾಠದ ಕೋಣೆಗೆ ನುಗ್ಗಿ ಅದನ್ನು ತೀರ್ಪಿನ ಪಟದೊಳಗೆ ಸೇರಿಸಿ ಸುತ್ತಿಟ್ಟೆ. ಹೊರಗೆ ಬಂದು, “ಆ ಪಟಗಳನ್ನೆಲ್ಲ ಒಂದ್ಸಲ ಬಿಚ್ಚಿ ನೋಡು” ಎಂದೆ. ಅವಳು ನೋಡಿದಳು. ಸಿಕ್ಕಿದಾಗ ಕಿರುಚಿದ ಸದ್ದಿಗೆ ಮಕ್ಕಳೆಲ್ಲ ಓಡಿಬಂದರು. ಎಲ್ಲರ ಮುಂದೆ ಎರಡೂ ಕೈಯಲ್ಲಿ ಚಿತ್ರ ಹಿಡಿದು, ಸೊಂಟ ಬಗ್ಗಿಸಿ ನನಗೆ ಕೊಟ್ಟಳು.

“ನಾನೇ ಅಲ್ಲಿ ಇಟ್ಟಿದ್ದೆ ಅನ್ಸುತ್ತೆ ಅಕ್ಕ. ಈಗ ಸ್ವಲ್ಪ ಸ್ವಲ್ಪ ನೆನಪಾಗ್ತಿದೆ. ಕ್ಷಮಿಸಿ.”

“ನೋಡ್ದ್ಯಾ, ನಾನ್ ಹೇಳ್ಲಿಲ್ವಾ ಇವಳೇ ಅಂತ!” ಎಂದ ಝೆನ್‌ಕಿಚಿ.

ಆಗದ ಕೆಲಸವೊಂದು ಅವಳಿಗೆ ನೆನಪಾಗತೊಡಗಿತ್ತು. ನಾನು ಚಿತ್ರ ತೆಗೆದುಕೊಂಡೆ. “ಜಾಣೆ” ಎಂದೂ ಅಂದೆ.

ಭಾನುವಾರ ಚರ್ಚು ತುಂಬಿತ್ತು. ಹನ್ನೊಂದು ಮಕ್ಕಳು ಮುಂದೆ ಹೋಗಿ ಸಾಲಾಗಿ ಮೊಣಕಾಲೂರಿದರು. ಅವರ ಹಿಂದೆ ಪಾಠದಕ್ಕ ಹೋಗಬೇಕು, ಅದು ನಮ್ಮಲ್ಲಿ ನಡೆದುಬಂದ ಕ್ರಮ. ನಾನು ಏಳಲಿಲ್ಲ. ಮಕ್ಕಳನ್ನು ಹೆದರಿಸಲು ದಿನಾ ಹೇಳಿದ ಪಾಠ ನನಗೇ ತಾಗಿತ್ತು.

“ಏಳೇ, ಎಲ್ಲಾರೂ ನೋಡ್ತಿದ್ದಾರೆ” ಎಂದು ನಮ್ಮವ್ವ ಮೊಣಕೈಯಲ್ಲಿ ತಿವಿದಳು.

“ಹೊಟ್ಟೆ ಸರಿಯಿಲ್ಲ” ಎಂದೆ. ದೇವರ ಮನೆಯಲ್ಲಿ ಇನ್ನೊಂದು ಸುಳ್ಳು.

ಪೂಜೆ ಮುಗಿದ ಮೇಲೆ ಮಕ್ಕಳು ಬೀಜ ಎಸೆಯಲು ದಡಕ್ಕೆ ಓಡಿದರು. ಅಂಗಳದಲ್ಲಿ ಹೆಂಗಸರು ಗುಂಪುಗುಂಪಾಗಿ ನಿಂತು ನನ್ನ ಕಡೆ ಓರೆಗಣ್ಣಲ್ಲಿ ನೋಡುತ್ತಿದ್ದರು. ಯಾರೂ ಹತ್ತಿರ ಬರಲಿಲ್ಲ. ಬಂದವಳು ತೊಮಿ, ತಾಯಿಯ ಕೈ ಹಿಡಿದುಕೊಂಡು. ಒಂದು ತಿಂಗಳಿಂದ ಕಾಣದ ನಗು ಮುಖದ ಮೇಲಿತ್ತು.

“ಅಕ್ಕ, ನೀವ್ಯಾಕೆ ಹೋಗ್ಲಿಲ್ಲ?” ಎಂದಳು. ಇನ್ನೂ ಹತ್ತಿರ ಸರಿದು ದನಿ ತಗ್ಗಿಸಿ ಕೇಳಿದಳು, “ನಿಮ್ದೂ ಏನಾದ್ರೂ ವಾಪಸ್ ಕೊಡೋದು ಬಾಕಿ ಇದೆಯಾ?”

ಅಣಕವಲ್ಲ ಅದು. ತಾನು ದಾಟಿ ಬಂದ ಕಷ್ಟ ನನಗೂ ಇದೆಯೇನೋ ಎಂಬ ಕರುಣೆ. ಆ ಕರುಣೆಯನ್ನು ತಡೆದುಕೊಳ್ಳಲು ನನಗೆ ಆಗಲಿಲ್ಲ.

“ಇದೆ” ಎಂದೆ. ದನಿ ಗಟ್ಟಿಯಾಗಿಯೇ ಬಂತು, ಹೆಂಗಸರೆಲ್ಲ ತಿರುಗಿದರು. “ನೀನು ಚಿತ್ರ ತಗೊಂಡಿರ್ಲಿಲ್ಲ ತೊಮಿ. ನಾನೇ ಪಟದ ಜೊತೆ ಸುತ್ತಿಟ್ಟಿದ್ದೆ. ಬುಧವಾರವೇ ಸಿಕ್ತು, ಹೇಳ್ಲಿಲ್ಲ. ನಿನ್ನೆ ನಾನೇ ಮತ್ತೆ ಅಲ್ಲಿಟ್ಟು ನಿನ್ನ ಕೈಲಿ ಹುಡುಕಿಸ್ದೆ.”

ಅವಳು ಅಂಗಿಯ ತೋಳು ಕಚ್ಚಿದಳು.

“ಹಂಗಾದ್ರೆ ನನಗೆ ನೆನಪಾಗಿದ್ದು?”

“ಅದು ನಿಜ ಅಲ್ಲ.”

ಜೇಬಿನಿಂದ ಬೀಜಗಳನ್ನೆಲ್ಲ ತೆಗೆದು ಅಂಗೈಯಲ್ಲಿ ಹರಡಿಕೊಂಡಳು. ದಪ್ಪನೆಯದನ್ನು ಆರಿಸಿ ನನ್ನ ಕೈಯಲ್ಲಿಟ್ಟಳು. “ಹಂಗಾದ್ರೆ ಇದು ನಂದಲ್ಲ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಯಾರದೋ ವಸ್ತು ಯಾರಿಗೋ ತಲುಪಿಸಿದ ಹಾಗೆ ಹೇಳಿದಳು.

ಮಾಸುವಿನ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವಳು ಬೈದಿದ್ದರೆ, ಹೊಡೆದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಅಷ್ಟು ಜನರ ನಡುವೆ ಮಣ್ಣಿನಲ್ಲಿ ಕೂತು, ರೂಢಿಯಂತೆ ಕೈಯೂರಿ, ತಲೆ ಬಗ್ಗಿಸತೊಡಗಿದಳು. “ನಮ್ಮಿಂದ ನಿಮಗೆ ಎಷ್ಟೊಂದು ತೊಂದ್ರೆ...”

“ಅವ್ವಾ!” ತೊಮಿ ತಾಯಿಯ ರಟ್ಟೆಗೆ ಎರಡೂ ಕೈ ಹಾಕಿ ಎಳೆದಳು. ಅಂಥ ದೊಡ್ಡ ದನಿ ಅವಳಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. “ಏಳವ್ವಾ, ಯಾಕೆ ಬಗ್ತೀಯ? ನಾವು ತಗೊಂಡೇ ಇಲ್ಲ!”

ಮಾಸು ಎದ್ದಳು. ಮೊಣಕಾಲಿಗೆ ಹತ್ತಿದ ಮಣ್ಣನ್ನು ಮಗಳು ಕೊಡವಿದಳು. ಆಮೇಲೆ ಇಬ್ಬರೂ ದಡದ ಕಡೆ ಇಳಿದು ಹೋದರು.