ಇಪ್ಪತ್ತು ಸೆಕೆಂಡಿನ ಉಸಿರು

ಉಸಿರು ಎಳ್ಕೊಳ್ಳಿ ಮೇಡಂ, ಹಿಡ್ಕೊಳ್ಳಿ, ಎಂದಿತು ಗೋಡೆಯ ಸ್ಪೀಕರು, ಅವಳು ಎದೆ ತುಂಬ ಎಳೆದು ಹಿಡಿದಳು — ಬರೀ ಇಪ್ಪತ್ತು ಸೆಕೆಂಡು, ಹದಿನೆಂಟು ವರ್ಷದಿಂದ ಮಕ್ಕಳಿಗೆ ಈಜು ಕಲಿಸುವವಳಿಗೆ ಇದ್ಯಾವ ಲೆಕ್ಕ, ಎದೆ ಉಬ್ಬಿದರೆ ಹೃದಯ ಕಿರಣದ ದಾರಿಯಿಂದ ಅತ್ತ ಸರಿಯುತ್ತದಂತೆ, ಎಡಗಡೆ ಅಲ್ವಾ, ಅದಕ್ಕೇ, ಅಂದಿದ್ದಳು ಯಂತ್ರ ನಡೆಸುವಾಕೆ, ನಿಮ್ಮಷ್ಟು ಚೆನ್ನಾಗಿ ಯಾರೂ ಹಿಡಿಯಲ್ಲ — ಹಿಡಿಯದೆ ಮತ್ತೇನು, ಹೊಟ್ಟೆಪಾಡೇ ಅದು — ಬಿಡಿ, ಇನ್ನೊಂದು ಸಲ, ತಣ್ಣನೆ ಹಲಗೆ, ತಲೆಯ ಮೇಲಕ್ಕೆತ್ತಿದ ಎಡಗೈ, ಇವತ್ತು ಕಿರಣ ಚಿಕಿತ್ಸೆಯ ಐದನೇ ದಿನ, ಕೊನೆಯ ದಿನ, ಅಮ್ಮನಿಗೆ ಐದು ವಾರ ಹಿಡಿದಿತ್ತು, ಅದಕ್ಕೂ ಮುಂಚೆ ಇಡೀ ಮೊಲೆಯನ್ನೇ ತೆಗೆದಿದ್ದರು, ಕಂಕುಳಿನ ಗ್ರಂಥಿಗಳನ್ನೆಲ್ಲ ಬರಿದು ಮಾಡಿದ್ದರು, ಕೀಮೋ, ದಿಂಬಿನ ತುಂಬ ಕೂದಲು, ಆಮೇಲೆ ಗ್ರಂಥಿ ಹೋದದ್ದಕ್ಕೆ ಬಾತುಕೊಂಡ ಆ ಕೈ, ಅಂಗಿಯ ತೋಳು ಏರದು, ಬದುಕಿದೀನಲ್ಲ ಬಿಡೇ, ಅನ್ನುತ್ತಾಳೆ ಅಮ್ಮ ಈಗಲೂ, ಇವಳ ಗಂಟಾದರೋ ಬಟಾಣಿಯಷ್ಟು, ಕೈಗೂ ಸಿಗದ್ದು, ಮೊಲೆಯ ಎಕ್ಸ್‌ರೇಯಲ್ಲಿ ಸಿಕ್ಕಿಬಿದ್ದದ್ದು, ಗಂಟನ್ನಷ್ಟೇ ತೆಗೆದರು, ನೀಲಿ ಬಣ್ಣ ಬಿಟ್ಟು ಅದು ಮೊದಲು ಹೋಗಿ ಮುಟ್ಟಿದ ಎರಡೇ ಗ್ರಂಥಿ ತೆಗೆದು ನೋಡಿದರು, ಎರಡೂ ಚೊಕ್ಕ, ರೋಗ ಅಲ್ಲಿಗೆ ಹಬ್ಬಿಲ್ಲ, ಗಂಟಿನ ಜೀನ್ ಪರೀಕ್ಷೆಯ ಕಾಗದ ಮುಂದಿಟ್ಟುಕೊಂಡು ಡಾಕ್ಟರಮ್ಮ, ನಿಮಗೆ ಕೀಮೋ ಬೇಡ, ಐದು ದಿನ ಕಿರಣ, ಆಮೇಲೆ ದಿನಕ್ಕೊಂದು ಮಾತ್ರೆ, ಅಂದಾಗ ಅಮ್ಮ ನಂಬಲೇ ಇಲ್ಲ — ಕಾಟಾಚಾರಕ್ಕೆ ಮಾಡ್ತಿದಾರೆ ಕಣೇ, ಪೂರ್ತಿ ತೆಗೆಸಿಬಿಡು, ನನ್ನ ಮಾತು ಕೇಳು — ಅಮ್ಮಾ, ಈಗ ಹಾಗಲ್ಲ, ಸಾವಿರಾರು ಜನರಲ್ಲಿ ನೋಡಿ ಇಷ್ಟೇ ಸಾಕು ಅಂತಿದಾರೆ, ನಿನ್ನಂಥವರು ಅಷ್ಟೆಲ್ಲ ಅನುಭವಿಸಿದ್ದಕ್ಕೇ ಅಲ್ವಾ ಇವರಿಗೆ ಗೊತ್ತಾಗಿದ್ದು — ಅಮ್ಮ ಎರಡು ದಿನ ಮಾತು ಬಿಟ್ಟಳು, ಮೂರನೇ ದಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ನಡಿ, ನಾನೂ ಬರ್ತೀನಿ —

ಬಿಡಿ ಉಸಿರು, ಮುಗೀತು ಮೇಡಂ, ಇನ್ನು ಈ ಕಡೆ ತಲೆ ಹಾಕ್ಬೇಡಿ, ಅವಳು ನಕ್ಕಳು, ಕೊಳಕ್ಕೆ ಯಾವಾಗ ಇಳೀಬಹುದು, ಅಂದಳು, ಚರ್ಮ ಮಾಯಲಿ, ಒಂದು ತಿಂಗಳು, ಅಂದಿತು ಸ್ಪೀಕರು, ಒಂದು ತಿಂಗಳೇನು ಮಹಾ, ಗುಂಡಿ ಹಾಕಿಕೊಳ್ಳುತ್ತ ಹೊರಗೆ ಬಂದರೆ ಬೆಂಚಿನ ತುದಿಯಲ್ಲಿ ಅಮ್ಮ, ಕೊಡಿಲ್ಲಿ ಕೈ, ಎಡಗೈ ಕಣೇ, ಮಣಿಕಟ್ಟಿನ ಮೇಲೆ ಹೆಬ್ಬೆರಳು ಒತ್ತಿದಳು, ಬೆಳಗೆದ್ದು ತನ್ನ ಕೈಯನ್ನು ತಾನೇ ಒತ್ತಿ ನೋಡಿಕೊಳ್ಳುವ ಹಾಗೆ, ಅಮ್ಮನ ಬಾತ ಕೈಯಲ್ಲಾದರೆ ಒತ್ತಿದಲ್ಲಿ ಕುಳಿ ಬೀಳುತ್ತದೆ, ಎಷ್ಟೋ ಹೊತ್ತು ಹಾಗೇ ಉಳಿಯುತ್ತದೆ, ಇಲ್ಲಿ ಬೆರಳೆತ್ತಿದ ಕೂಡಲೇ ಚರ್ಮ ಮೇಲೆದ್ದಿತು, ಅಮ್ಮ ಮತ್ತೆ ಒತ್ತಿದಳು, ಎತ್ತಿದಳು, ಕುಳಿ ಇಲ್ಲ, ಇನ್ನೂ ಗಟ್ಟಿಯಾಗಿ ಒತ್ತುತ್ತಾಳೆ, ಬಿಳಿಚಿದ ಉಗುರು, ಎತ್ತುತ್ತಾಳೆ, ಕುಳಿ ಇಲ್ಲ —