ಬಾರ್ಸಿಲೋನಾಕ್ಕೆ ಹೋದ ಕುಕ್ಕರ್

ನಳಿನಿ ಗಂಡನಿಗೆ ಹಾಕಿದ್ದು ಒಂದೇ ಷರತ್ತು.

"ಎಲ್ಲಿಗೆ ಬೇಕಾದ್ರೂ ಬರ್ತೀನಿ ರೀ. ಆದ್ರೆ ಅಲ್ಲಿರೋ ಎರಡು ದಿನ ನಾನು ಅನ್ನಕ್ಕೆ ಇಡಲ್ಲ. ಬೇರೆ ಯಾರಾದ್ರೂ ಮಾಡಿ ತಂದಿಟ್ಟಿದ್ದನ್ನ ಕೂತ್ಕೊಂಡು ತಿನ್ಬೇಕು. ಅಷ್ಟೇ."

"ಅದಕ್ಕೇ ಅಲ್ವೇನೇ ಹೋಗ್ತಿರೋದು," ಎಂದಿದ್ದ ಮೋಹನರಾಜ.

ಅದು 2014ರ ಥ್ಯಾಂಕ್ಸ್‌ಗಿವಿಂಗ್ ರಜೆ. ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನಲ್ಲಿದ್ದ ಗೆಳೆಯ ಶ್ರೀಪತಿ ಎಲ್ಲಿಂದಲೋ ಅಗ್ಗದ ಟಿಕೆಟ್ ಹುಡುಕಿ ಕೊಟ್ಟಿದ್ದ. ಬುಧವಾರ ಹ್ಯೂಸ್ಟನ್ ಬಿಟ್ಟರೆ ಗುರುವಾರ ಸಂಜೆ ಬಾರ್ಸಿಲೋನಾ, ಭಾನುವಾರ ವಾಪಸು. ಹೊರಟವರು ನಾಲ್ವರು: ಗಂಡ, ಹೆಂಡತಿ, ಹದಿಮೂರರ ಮಗಳು ಸಿಯಾ, ಮೋಹನರಾಜನ ತಾಯಿ ಶಾರದಮ್ಮ.

ನಳಿನಿಯ ಆಸೆ ದೊಡ್ಡದೇನಲ್ಲ. ಬೆಳಿಗ್ಗೆ ಐದಕ್ಕೆದ್ದು ಸಾರು, ಪಲ್ಯ, ಮೂರು ಡಬ್ಬಿ. ಆಮೇಲೆ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಿಂದ, ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರಿನವರೆಗೆ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಆಫೀಸು. ಅಲ್ಲಿ ಅವಳು ಸಮುದ್ರದ ನಡುವಿನ ತೈಲಬಾವಿಗಳಿಗೆ ಕರೆಂಟಿನ ವ್ಯವಸ್ಥೆ ರೂಪಿಸುವ ಇಂಜಿನಿಯರ್. ಸಂಜೆ ಬಂದು ಮತ್ತೆ ಅನ್ನಕ್ಕಿಡಬೇಕು. ಪ್ರವಾಸವೆಂದರೂ ಬಿಡುಗಡೆಯಿಲ್ಲ. ಯಾವ ಊರಿಗೆ ಹೋದರೂ ಕಾರಿನ ಡಿಕ್ಕಿಯಲ್ಲಿ ಕರೆಂಟಿನ ಕುಕ್ಕರ್ ಹಾಜರು. ಆಸ್ಟಿನ್‌ನ ಒಂದು ಹೋಟೆಲಿನಲ್ಲಿ ಬಾತ್‌ರೂಮಿನ ಕಟ್ಟೆಯ ಮೇಲೆ ಅಡುಗೆ ಮಾಡಿ, ಒಗ್ಗರಣೆಯ ಘಾಟಿಗೆ ಅಲಾರಂ ಹೊಡೆದುಕೊಂಡು, ಮ್ಯಾನೇಜರ್ ಓಡಿಬಂದದ್ದೂ ಉಂಟು. ಕೇಳಿದರೆ ಮೋಹನರಾಜನದು ಒಂದೇ ಉತ್ತರ, ಅಮ್ಮನಿಗೆ ಅನ್ನ ಬೇಕಲ್ಲ. ವಯಸ್ಸಾದವರ ಊಟಕ್ಕೆ ಅಡ್ಡ ಬಂದಳು ಅನ್ನಿಸಿಕೊಳ್ಳುವ ಧೈರ್ಯ ಯಾವ ಸೊಸೆಗಿದೆ?

ಬಾರ್ಸಿಲೋನಾದಲ್ಲಿ ಬಂದರಿನ ಹತ್ತಿರವೇ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದಿದ್ದರು. ನಳಿನಿ ಶೂ ಕೂಡ ಬಿಚ್ಚದೆ ಸೋಫಾದ ಮೇಲೆ ಬಿದ್ದಳು. ಮೋಹನರಾಜ ಸೂಟ್‌ಕೇಸ್ ತೆರೆದ. ತಾಯಿಯ ಶಾಲುಗಳ ನಡುವಿನಿಂದ ಮೊದಲು ಬಂದದ್ದು ಸೋನಾ ಮಸೂರಿಯ ಚೀಲ, ಆಮೇಲೆ ಸಾರಿನ ಪುಡಿ, ಕೊನೆಗೆ ಕುಕ್ಕರ್.

ನಳಿನಿ ಗಂಡನನ್ನು ದುರುಗುಟ್ಟಿ ನೋಡಿದಳು.

"ಹಾಗೆ ನೋಡ್ಬೇಡ ಮಾರಾಯ್ತಿ. ಅಮ್ಮ ವಿಮಾನದಲ್ಲಿ ಎರಡು ಬಾಳೆಹಣ್ಣು ಬಿಟ್ರೆ ಏನೂ ತಿಂದಿಲ್ಲ. ನಿಂಗೇನೂ ಕೆಲಸ ಇಲ್ಲ, ಕುಕ್ಕರ್ ತಾನೇ ಮಾಡ್ಕೊಳುತ್ತೆ."

ಮೋಹನರಾಜನ ಪ್ರಕಾರ, ಹದಿನೇಳು ವರ್ಷದಿಂದ ಆ ಮನೆಯಲ್ಲಿ ಕುಕ್ಕರು ತಾನೇ ಅಕ್ಕಿ ತೊಳೆದು, ತಾನೇ ಸಾರು ಕುದಿಸಿ, ತಾನೇ ಪಾತ್ರೆ ಉಜ್ಜಿಕೊಂಡು ಬಂದಿದೆ, ಪಾಪ.

ನಳಿನಿ ಎದ್ದು ಅಕ್ಕಿ ತೊಳೆದಳು. ಕೈಗೆ ಅದೊಂದೇ ಅಭ್ಯಾಸ. ನೀರು ಹಾಕಿ, ಮುಚ್ಚಿ, ಮತ್ತೆ ಸೋಫಾಕ್ಕೆ ಬಂದಳು. ಮೋಹನರಾಜ ಫೋನ್ ಚಾರ್ಜರಿಗೆಂದು ತಂದಿದ್ದ ಅಡಾಪ್ಟರಿಗೆ ಕುಕ್ಕರಿನ ಪ್ಲಗ್ ಸಿಕ್ಕಿಸಿ, ಗೋಡೆಯ ಸಾಕೆಟ್ಟಿನ ಕಡೆ ಬಗ್ಗಿದ. ಅಡಾಪ್ಟರ್ ಪಿನ್ನಿನ ಆಕಾರವನ್ನಷ್ಟೇ ಬದಲಾಯಿಸುತ್ತದೆ, ವೋಲ್ಟೇಜನ್ನು ಕಡಿಮೆ ಮಾಡುವುದಿಲ್ಲ. ಅಮೆರಿಕದ ಕುಕ್ಕರಿಗೆ ಬೇಕಾದದ್ದು ನೂರಿಪ್ಪತ್ತು ವೋಲ್ಟ್, ಇಲ್ಲಿನ ಗೋಡೆಯಲ್ಲಿರುವುದು ಇನ್ನೂರಮೂವತ್ತು. ಇದನ್ನು ನಳಿನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಬಾಯಿ ತೆರೆದಳು. ಮುಚ್ಚಿದಳು.

ಪಟ್ ಎಂದಿತು. ಸುಟ್ಟ ವಾಸನೆ ಬಂತು, ಇಡೀ ಮನೆಯ ದೀಪ ಆರಿತು.

"ಡ್ಯಾಡ್, ಸೀರಿಯಸ್ಲಿ?" ಎಂದಳು ಸಿಯಾ ಕತ್ತಲಲ್ಲಿ.

ಫ್ಯೂಸಿನ ಡಬ್ಬಿ ಹುಡುಕಿ ದೀಪ ಬಂದ ಮೇಲೂ ಕುಕ್ಕರ್ ಬದುಕಲಿಲ್ಲ. ಮನೆಯಲ್ಲಿ ಒಂದು ಪಾತ್ರೆಯೂ ಇರಲಿಲ್ಲ. ಶಾರದಮ್ಮ ಎರಡು ಕಿತ್ತಳೆ ತಿಂದು, "ನಂಗಿಷ್ಟು ಸಾಕು," ಎಂದು ಮಲಗಿದರು. ಷರತ್ತಿನಲ್ಲಿ ನಳಿನಿ ಗೆದ್ದಿದ್ದಳು. ಆದರೆ ಎಪ್ಪತ್ತೆರಡರ ಮುದುಕಿಯನ್ನು ಉಪವಾಸ ಕೆಡವಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಮಧ್ಯಾಹ್ನ ಮೋಹನರಾಜ ಎಲ್ಲರನ್ನೂ ಮುಕ್ಕಾಲು ಗಂಟೆ ನಡೆಸಿದ. ಅಮ್ಮನಿಗಾಗಿ ಇಂಡಿಯನ್ ಹೋಟೆಲ್ ಹುಡುಕುತ್ತಿದ್ದ. ಫೋನು ತೋರಿಸಿದ ಮೊದಲನೆಯದು ಮುಚ್ಚಿತ್ತು. ಶಾರದಮ್ಮನ ಮಂಡಿ ಮುಷ್ಕರ ಹೂಡಿದ ಮೇಲೆ, ಅತ್ತೆ-ಸೊಸೆಯರನ್ನು ಬಂದರಿನೆದುರಿನ ಬೆಂಚಿನ ಮೇಲೆ ಕೂರಿಸಿ, ಮಗಳನ್ನು ಕರೆದುಕೊಂಡು ಮುಂದೆ ಹೋದ. ಹಡಗುಗಳು ಸುಮ್ಮನೆ ನಿಂತಿದ್ದವು. ಇಬ್ಬರಿಗೂ ಅವುಗಳನ್ನು ನೋಡುವ ಹುರುಪಿರಲಿಲ್ಲ.

"ಅತ್ತೆ, ಒಂದು ಮಾತು. ಆ ಕುಕ್ಕರ್ ಸುಟ್ಟುಹೋಗುತ್ತೆ ಅಂತ ನಂಗೆ ಗೊತ್ತಿತ್ತು."

ಶಾರದಮ್ಮ ಕಿತ್ತಳೆ ಸಿಪ್ಪೆ ಬಿಡಿಸುತ್ತಲೇ ಇದ್ದರು. "ನೋಡ್ದೆ. ನೀನು ಬಾಯಿ ತೆರೆದೆ, ಮುಚ್ಕೊಂಡೆ."

"ಮತ್ತೆ ನೀವ್ಯಾಕೆ ಸುಮ್ನಿದ್ರಿ?"

"ಅನ್ನ ಬೇಕಾಗಿದ್ದು ನಂಗಲ್ವಲ್ಲ. ಕುಕ್ಕರ್ ತಗೊಳ್ಳೋ ಅಂತ ನಾನ್ಯಾವತ್ತು ಅಂದೆ? ಸಾರನ್ನ ಇಲ್ದೆ ಇರೋಕಾಗದೇ ಇರೋನು ಅವನು. ಹೇಳ್ಕೊಳ್ಳೋಕೆ ನಾಚಿಕೆ, ನನ್ನ ಹೆಸರು ಹೇಳ್ತಾನೆ. ಅವರಪ್ಪನೂ ಹೀಗೇ. ಅಮ್ಮನಿಗೆ ಬೇಕು, ಅಮ್ಮನಿಗೆ ಬೇಕು ಅಂತಲೇ ಎಲ್ಲಾ ಮಾಡಿಸ್ಕೊಂಡ್ರು. ನಮ್ಮತ್ತೆ ತೀರ್ಕೊಂಡ್ಮೇಲೂ ಒಂದು ತಿಂಗಳು ಬಾಯಿತಪ್ಪಿ ಹಾಗೇ ಅಂತಿದ್ರು."

ನಳಿನಿಗೆ ನಗು ಬರಲಿಲ್ಲ. ಹದಿನೇಳು ವರ್ಷ. ಆಸ್ಟಿನ್‌ನ ಆ ಬಾತ್‌ರೂಮು ಕಣ್ಣ ಮುಂದೆ ಬಂತು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ನೀವು?"

"ಮಗನ್ನ ಬಿಟ್ಕೊಡೋಕೆ ಮನಸ್ಸು ಬರ್ಲಿಲ್ಲ ಕಣೇ. ತಪ್ಪು ನಂದೂ ಇದೆ," ಎಂದರು ಶಾರದಮ್ಮ. ಅರ್ಧ ಹಣ್ಣು ಸೊಸೆಯ ಕೈಗಿಟ್ಟರು.

ಸಿಟ್ಟು ಬಂತು, ಇಬ್ಬರ ಮೇಲೂ. ಅದನ್ನು ಹಿಡಿದಿಟ್ಟುಕೊಳ್ಳುವಷ್ಟು ಶಕ್ತಿ ಇರಲಿಲ್ಲ. ನಳಿನಿ ಅತ್ತೆಯ ಕೈ ಹಿಡಿದು ಎದುರಿನ ಸಣ್ಣ ಹೋಟೆಲಿಗೆ ಹೋದಳು. ಮಾಂಸ, ಮೀನು ಬೇಡವೆಂದು ಕೈಸನ್ನೆಯಲ್ಲಿ ತಿಳಿಸಿದಾಗ, ಏಪ್ರನ್ ಕಟ್ಟಿದ ಒಬ್ಬ ಹೆಂಗಸು ಸುಟ್ಟ ಬ್ರೆಡ್ಡಿಗೆ ಟೊಮೇಟೊ ತಿಕ್ಕಿ, ಎಣ್ಣೆ ಸುರಿದು ತಂದಿಟ್ಟಳು. ಶಾರದಮ್ಮ ಮೂರು ಚೂರು ತಿಂದರು. ನಳಿನಿ ಕೂತಲ್ಲೇ ಕೂತು ತಿಂದಳು, ಯಾರಿಗೂ ಏನೂ ಬಡಿಸಲು ಏಳಲಿಲ್ಲ. ಅಷ್ಟಕ್ಕೇ ಅವಳ ಕಣ್ಣು ತುಂಬಿ ಬಂತು.

ಬೆವರಿಕೊಂಡು ಬಂದ ಮೋಹನರಾಜ ಬಾಗಿಲಲ್ಲೇ ನಿಂತ. "ಅಮ್ಮ, ನೀನು ಇದನ್ನ ತಿಂತೀಯಾ?"

"ಬಿಸಿಯಾಗಿದೆ. ಕೂತ್ಕೋ," ಎಂದರು ಶಾರದಮ್ಮ.

ಭಾನುವಾರ ಸಂಜೆ ಮಿಸೌರಿ ಸಿಟಿಯ ಮನೆಗೆ ಬಂದಾಗ ಎಲ್ಲರೂ ಹಣ್ಣಾಗಿದ್ದರು. ಸೂಟ್‌ಕೇಸ್ ಬಾಗಿಲಲ್ಲೇ ಇಟ್ಟು ಮೋಹನರಾಜ ಹೇಳಿದ, "ನಳಿನಿ, ಸ್ಟೌ ಮೇಲೆ ಒಂದಿಷ್ಟು ಅನ್ನಕ್ಕಿಡೇ. ಪಾಪ, ಅಮ್ಮ ಮೂರು ದಿನದಿಂದ ಅನ್ನ ಕಂಡಿಲ್ಲ."

ನಳಿನಿ ಅತ್ತೆಯ ಕೋಣೆಯ ಕಡೆ ನೋಡಿದಳು. ಒಳಗಿನಿಂದ ಸೋತ ದನಿಯೊಂದು ಬಂತು.

"ನಂಗೆ ಬ್ರೆಡ್ ಸಾಕು ಕಣೋ. ಹಸಿದೋರು ಇಟ್ಕೊಳ್ಳಲಿ."

ಮೋಹನರಾಜ ಅಡುಗೆಮನೆಗೆ ಹೋದ. ಒಂದೊಂದೇ ಕಪಾಟು ತೆರೆದು ಮುಚ್ಚುವ ಸದ್ದು ಕೇಳಿಸಿತು. ಅಕ್ಕಿಯ ಡಬ್ಬ ಸಿಕ್ಕಿತೆಂದು ಕಾಣುತ್ತದೆ.

"ನಳಿನಿ, ಒಂದು ಲೋಟ ಅಕ್ಕಿಗೆ ನೀರೆಷ್ಟೇ?"

ಈ ಸಲವೂ ನಳಿನಿಗೆ ಗೊತ್ತಿತ್ತು. ಅವಳು ಶೂ ಬಿಚ್ಚಿ, ಸೋಫಾದ ಮೇಲೆ ಕಾಲು ಚಾಚಿ ಕಣ್ಣು ಮುಚ್ಚಿದಳು.