ತೆಗೀರಿ ಅಂದರೆ

ಬಸ್ ಟಿಕೆಟ್ ಮಾರುವ ಆ ಕಚೇರಿಯಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಬಹಳ ವರ್ಷ ಫೋನಿನ ಮುಂದೆ ಕೂತು ಪ್ರಯಾಣಿಕರ ಗೋಳು ಕೇಳಿದವಳು. ಮಕ್ಕಳು ದೊಡ್ಡವರಾದ ಮೇಲೆ ಹಟ ಹಿಡಿದು ಕೋಡ್ ಬರೆಯುವುದನ್ನು ಕಲಿತು, ಮೂಲೆಯ ಗಾಜಿನ ಕೋಣೆಗೆ ಬಂದು ಸೇರಿದ್ದಳು.

ಕಂಪನಿಯ ಯಂತ್ರಗಳೆಲ್ಲ ಎಲ್ಲೋ ದೂರದಲ್ಲಿ, ಕ್ಲೌಡ್ ಎನ್ನುವ ಬಾಡಿಗೆ ಮನೆಯಲ್ಲಿದ್ದವು. ಅವು ಕಾಯಿಲೆ ಬಿದ್ದರೆ ಎಲ್ಲಿ ಕೆಟ್ಟಿದೆಯೆಂದು ಹುಡುಕಿ ಹೇಳುವುದಕ್ಕೆ ಒಂದು ತನಿಖೆಯ ಸಾಧನವಿತ್ತು. ಕೋಣೆಯವರು ಅದಕ್ಕೆ ಪತ್ತೇದಾರ ಎಂದು ಹೆಸರಿಟ್ಟಿದ್ದರು. ಪತ್ತೇದಾರ ಯಾವ ವಿಭಾಗದೊಳಗೆ ಎಷ್ಟು ಇಣುಕಬಹುದು, ಸಿಕ್ಕಿದ್ದನ್ನು ಯಾರ ಕಿವಿಗೆ ಹಾಕಬೇಕು ಎಂಬ ಸೆಟ್ಟಿಂಗುಗಳನ್ನೆಲ್ಲ ಕೋಡಿನಲ್ಲೇ ಬರೆಯಬೇಕು. ಮನಸ್ಸಿಗೆ ಬಂದಂತೆ ಗುಂಡಿ ಒತ್ತುವ ಹಾಗಿಲ್ಲ. ಅಕ್ಕ ಬರೆದದ್ದನ್ನು ಪಕ್ಕದ ಕುರ್ಚಿಯ ಸೋಡಾಬುಡ್ಡಿ ನೋಡಿ ಒಪ್ಪಬೇಕು, ಆಮೇಲೇ ಅದು ಜಾರಿಯಾಗುವುದು. ದಪ್ಪ ಕನ್ನಡಕದ ಆತ ಒಳ್ಳೆಯವನೇ. ಆದರೂ ತನಗಿಂತ ಇಷ್ಟು ಚಿಕ್ಕವನ ಅಪ್ಪಣೆಗೆ ಕಾಯುವುದೆಂದರೆ ಅವಳಿಗೆ ಮುಳ್ಳಿನ ಮೇಲೆ ಕೂತ ಹಾಗೆ.

"ಇವತ್ತಿನದನ್ನ ಚೆನ್ನಾಗಿ ಮಾಡಿ ಅಕ್ಕಾ, ಸಾಯಂಕಾಲ ನಿಮ್ಮ ಕೈಗೇ ಕೀಲಿ ಕೊಡ್ತೀನಿ" ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದ. ಕೀಲಿಯೆಂದರೆ ತಾನೇ ಜಾರಿ ಮಾಡುವ ಹಕ್ಕು. ಬೆಳಗ್ಗೆಯಿಂದ ಅವಳಿಗೆ ಅದೇ ಧ್ಯಾನ.

ಮ್ಯಾನೇಜರನ ಫೋನು ಬಂದದ್ದು ಹಲ್ಲಿನ ಡಾಕ್ಟರ ಕುರ್ಚಿಯಿಂದ. "ಅಕ್ಕಾ, ಸೂಜಿ ಚುಚ್ಚಿದಾರೆ, ನಾಲಿಗೆ ಹೊರಳ್ತಿಲ್ಲ. ಪತ್ತೇದಾರನ ಸೆಟ್ಟಿಂಗಲ್ಲಿ ಟಿಕೆಟ್ ವಿಭಾಗ ತೆಗೀರಿ." ಅಷ್ಟೇ, ಫೋನು ಇಟ್ಟಾಯಿತು.

ಹಿಂದೆ ಫೋನಿನಲ್ಲಿದ್ದಾಗ ಯಾರೇನು ಹೇಳಿದರೂ "ನೀವು ಹೇಳಿದ್ದು ಹೀಗೆ ತಾನೆ?" ಎಂದು ಒಂದು ಸಲ ತಿರುಗಿ ಕೇಳದೆ ಬಿಟ್ಟವಳಲ್ಲ. ಈ ಕೋಣೆಗೆ ಬಂದಮೇಲೆ, ಕೇಳಿದರೆ ದಡ್ಡಿ ಅಂದುಕೊಂಡಾರು ಎಂಬ ಸಂಕೋಚ. ಪತ್ತೇದಾರ ಇಣುಕುವ ವಿಭಾಗಗಳ ಪಟ್ಟಿಯಲ್ಲಿ 'ಟಿಕೆಟ್ ವಿಭಾಗ: ಅರ್ಧ' ಎಂದಿತ್ತು. ಆ ಸಾಲನ್ನೇ ಕಿತ್ತುಹಾಕಿದಳು.

"ಏನಂದ್ರು ಸಾಹೇಬ್ರು?" ಎಂದ ಸೋಡಾಬುಡ್ಡಿ.

"ತೆಗೀರಿ ಅಂದ್ರು."

"ತೆಗ್ದಿದೀರಲ್ಲ, ಮತ್ತೇನು!" ಎಂದು ಅವನು ಒಪ್ಪಿಗೆ ಒತ್ತಿದ.

ಊಟದ ಹೊತ್ತಿಗೆ ಟಿಕೆಟ್ ಮಾರಾಟ ನಿಂತುಹೋಯಿತು. ಆಚೆ ಕೋಣೆಯ ಫೋನುಗಳೆಲ್ಲ ಒಟ್ಟಿಗೆ ಬಾಯಿ ಬಿಟ್ಟುಕೊಂಡವು. ಪತ್ತೇದಾರನನ್ನು ಕೇಳಿದರೆ, "ಎಲ್ಲ ವಿಭಾಗಗಳೂ ಆರೋಗ್ಯವಾಗಿವೆ" ಎಂದು ತಣ್ಣಗೆ ವರದಿ ಕೊಟ್ಟ.

"ಇವನೇನು, ಮನೆಗೆ ಬೆಂಕಿ ಬಿದ್ರೂ ಆಕಳಿಸ್ತಾ ಕೂತಿದಾನೆ!" ಎಂದು ಸೋಡಾಬುಡ್ಡಿ ತಲೆ ಕೆರೆದುಕೊಂಡ.

ಅಷ್ಟರಲ್ಲಿ ಒಂದು ಕೆನ್ನೆ ಊದಿಸಿಕೊಂಡು, ಬಾಯಲ್ಲಿ ಹತ್ತಿ ತುರುಕಿಕೊಂಡು ಮ್ಯಾನೇಜರ್ ಬಂದ. "ನಾನು ಆಗ್ಲೇ ತೆಗೀರಿ ಅಂದ್ನಲ್ಲ!"

"ತೆಗ್ದೆ ಸಾರ್."

"ತೆಗ್ದಿದ್ರೆ ಅವನಿಗೆ ಕಾಣಬೇಕಿತ್ತಲ್ಲ?"

"ತೆಗ್ದ ಮೇಲೆ ಹೇಗೆ ಕಾಣುತ್ತೆ ಸಾರ್?"

ಇಬ್ಬರೂ ಒಬ್ಬರ ಮುಖ ಒಬ್ಬರು ಪಿಳಿಪಿಳಿ ನೋಡಿದರು. ಅಕ್ಕನಿಗೆ ಕೀಲಿ ಕೈತಪ್ಪಿತು ಎಂದು ಗೊತ್ತಾಗಿಹೋಯಿತು. ಹೋದರೆ ಹೋಗಲಿ, ಇನ್ನು ನಾಚಿಕೊಂಡು ಕೂತರೆ ಆಗದು ಎಂದು ಗಟ್ಟಿಯಾಗಿ ಕೇಳಿಯೇಬಿಟ್ಟಳು: "ಸಾರ್, ನೀವಂದಿದ್ದು ಬಾಗಿಲು ತೆಗ್ಯೋ ತೆಗ್ಯೋದೋ, ಕಸ ತೆಗ್ಯೋ ತೆಗ್ಯೋದೋ?"

ಮ್ಯಾನೇಜರನಿಗೆ ತಟ್ಟನೆ ಅರ್ಥವಾಯಿತು. ಆಮೇಲೆ ನಗು ಬಂತು. ನಕ್ಕರೆ ಹಲ್ಲು ನೋವು. ನೋವಿಗೆ ಕೆನ್ನೆ ಹಿಡಿದುಕೊಂಡು ಮತ್ತೂ ನಕ್ಕ. "ಬಾಗಿಲು ಅಕ್ಕಾ, ಬಾಗಿಲು! ಅರ್ಧ ಇದ್ದಿದ್ದು ಪೂರ್ತಿ ತೆಗೀರಿ ಅಂದೆ!" ಸೋಡಾಬುಡ್ಡಿ ಕನ್ನಡಕ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದ.

ಕೋಡಿನಲ್ಲಿ ಬರೆದದ್ದರಿಂದ ಹಳೆಯ ಸಾಲು ಎಲ್ಲಿಗೂ ಹೋಗಿರಲಿಲ್ಲ. ಅಕ್ಕ ಅದನ್ನು ಮರಳಿ ತಂದಳು, 'ಅರ್ಧ' ಇದ್ದಲ್ಲಿ 'ಪೂರ್ತಿ' ಎಂದು ಬರೆದಳು, ಎಲ್ಲರಿಗೂ ಕೇಳುವ ಹಾಗೆ ಓದಿದಳು. "ನೀವು ಹೇಳಿದ್ದು ಇದೇ ತಾನೆ?" ಮ್ಯಾನೇಜರ್ ತಲೆಯಾಡಿಸಿದ, ಸೋಡಾಬುಡ್ಡಿ ಈ ಸಲ ಎರಡೆರಡು ಬಾರಿ ಓದಿ ಒಪ್ಪಿದ. ಪತ್ತೇದಾರ ಒಳಹೊಕ್ಕವನೇ ಕಳ್ಳನನ್ನು ಹಿಡಿದ. ಖಾಲಿ ಸೀಟು ಲೆಕ್ಕ ಹಾಕುವ ಪ್ರೋಗ್ರಾಮು ಒಂದೇ ಬಸ್ಸಿನ ಸುತ್ತ ಗಾಣದೆತ್ತಿನಂತೆ ಸುತ್ತುತ್ತಿತ್ತು. ಅದನ್ನು ನಿಲ್ಲಿಸಿ ಮತ್ತೆ ಶುರುಮಾಡಿದ್ದೇ ತಡ, ಟಿಕೆಟ್ಟುಗಳು ಹರಿಯತೊಡಗಿದವು.

ಸಂಜೆ ಅಕ್ಕ ಚೀಲ ಹೆಗಲಿಗೇರಿಸಿ, ಸದ್ದಿಲ್ಲದೆ ಬಾಗಿಲ ಕಡೆ ಹೊರಟಿದ್ದಳು.

"ಎಲ್ಲಿಗೆ? ಇಲ್ಲಿ ಬನ್ನಿ" ಎಂದ ಮ್ಯಾನೇಜರ್. "ಸೆಟ್ಟಿಂಗ್ ಜಾರಿ ಮಾಡೋ ಹಕ್ಕು ನಿಮಗೆ ಕೊಡೋಕೆ ಸಾಲು ಬರ್ದಿದೀನಿ. ಓದಿ ನೋಡಿ."

"ತಪ್ಪು ಮಾಡಿದೀನಲ್ಲ ಸಾರ್?"

"ತಪ್ಪು ಮೂರೂ ಜನ ಮಾಡಿದ್ವಿ. ಏನು ಅಂತ ಬಾಯಿಬಿಟ್ಟು ಕೇಳಿದ್ದು ನೀವೊಬ್ಬರೇ. ಹಾಗೆ ಕೇಳೋರ ಕೈಲೇ ಕೀಲಿ ಇರಬೇಕು."

ಅವಳು ಸಾಲನ್ನು ಅಕ್ಷರ ಅಕ್ಷರವಾಗಿ ಓದಿದಳು. ಕಣ್ಣು ಮಂಜಾಗಿದ್ದರಿಂದ ಇನ್ನೊಮ್ಮೆ ಓದಬೇಕಾಯಿತು. "ಸರಿಯಾಗಿದೆ ಸಾರ್. ಬಿಡಿ."

ಗುಂಡಿಯ ಮೇಲಿದ್ದ ಮ್ಯಾನೇಜರನ ಬೆರಳು ಅಲ್ಲೇ ನಿಂತಿತು. "ಬಿಡಿ ಅಂದ್ರೆ... ಬೇಡ ಅಂತಾನಾ?"

"ಅಯ್ಯೋ, ಜಾರಿಗೆ ಬಿಡಿ ಅಂತ ಸಾರ್!" ಎಂದು ಅಕ್ಕ ಕೂಗಿಕೊಂಡಳು. ಅವನು ಕೆನ್ನೆ ಹಿಡಿದುಕೊಂಡೇ ಗುಂಡಿ ಒತ್ತಿದ.